ಆನೆಯನ್ನು ಪ್ರೀತಿಸಿದ ಸುಲ್ತಾನ: ಎರಡನೇ ಇಬ್ರಾಹಿಂ ಆದಿಲ್‌ಶಾಹ

ನಮ್ಮ ಮನೆಗಳಲ್ಲಿ ಬೆಕ್ಕಿಗೆ ಇರುವ ಸಲುಗೆ ನಿಮಗೆ ಹೊಸದಲ್ಲ. ಹದೀಸ್‌ಗಳನ್ನು ನಮಗೆ ತಲುಪಿಸಿದ ಹಜರತ್ ಅಬೂ ಹುರೈರಾ (ರ) ಅವರಿಗೆ ಆ ಹೆಸರು ಬಂದದ್ದೇ ಬೆಕ್ಕಿನ ಮರಿಯ ಮೇಲಿನ ಅಕ್ಕರೆಯಿಂದ ಎಂಬುದನ್ನು ಮದರಸಾದ ಮಕ್ಕಳೂ ಬಲ್ಲರು. ಮೂಕಪ್ರಾಣಿಗಳ ಮೇಲಿನ ಈ ಪ್ರೀತಿ ಮುಸ್ಲಿಂ ಜಗತ್ತಿನ ಗ್ರಂಥಗಳಲ್ಲಿ ಚಿತ್ರವಾಗಿಯೂ ಉಳಿದಿದೆ. ನಮ್ಮ ಪಂಚತಂತ್ರವು ಪಹ್ಲವಿ ಭಾಷೆಯ ಮೂಲಕ ಎಂಟನೇ ಶತಮಾನದಲ್ಲಿ ಅರಬ್ಬಿಗೆ ಹೋಗಿ 'ಕಲೀಲಾ ವ ದಿಮ್ನಾ' ಆಯಿತು. ಅದರ ಹಸ್ತಪ್ರತಿಗಳಲ್ಲಿ ಬೆಕ್ಕು, ಇಲಿ, ಸಿಂಹ, ನರಿಗಳನ್ನು ಕಲಾವಿದರು ಬಣ್ಣ ಬಣ್ಣವಾಗಿ ಬರೆದರು. ಅದೇ ಪಂಚತಂತ್ರವನ್ನು 1031ರ ಸುಮಾರಿಗೆ ದುರ್ಗಸಿಂಹ ಕನ್ನಡಕ್ಕೆ ತಂದ ಸಂಗತಿ ನಿಮಗೆ ಗೊತ್ತಿರಬಹುದು.

ಈ ಪರಂಪರೆ ನಮ್ಮ ಹುಬ್ಬಳ್ಳಿ-ಧಾರವಾಡದಿಂದ ಸುಮಾರು 200 ಕಿಲೋಮೀಟರ್ ದೂರದ ವಿಜಾಪುರದಲ್ಲಿ, ಅಂದರೆ ಇಂದಿನ ವಿಜಯಪುರದಲ್ಲಿ, ಉಚ್ಛ್ರಾಯಕ್ಕೆ ಬಂದಿತ್ತು. ಅದಕ್ಕೆ ಕಾರಣರಾದವರು ಎರಡನೇ ಇಬ್ರಾಹಿಂ ಆದಿಲ್‌ಶಾಹರು. ಧಾರವಾಡದ ಕೋಟೆಯೂ ಅವರ ದೊಡ್ಡಪ್ಪನ ಕಾಲದಿಂದ ಆದಿಲ್‌ಶಾಹಿ ಆಳ್ವಿಕೆಗೆ ಸೇರಿದ್ದರಿಂದ ಅವರು ನಮ್ಮ ಸೀಮೆಯ ದೊರೆಯೂ ಹೌದು.

1580ರಲ್ಲಿ ದೊಡ್ಡಪ್ಪ ಒಂದನೇ ಅಲಿ ಆದಿಲ್‌ಶಾಹರ ಕೊಲೆಯಾದಾಗ ಇಬ್ರಾಹಿಮರಿಗೆ ಸುಮಾರು ಒಂಬತ್ತು ವರ್ಷ. ಗಂಡು ಮಕ್ಕಳಿಲ್ಲದ ದೊಡ್ಡಪ್ಪನ ಸಿಂಹಾಸನ ಈ ಬಾಲಕನಿಗೆ ಬಂತು. ದೊಡ್ಡಪ್ಪನ ಪತ್ನಿ, ವೀರವನಿತೆ ಚಾಂದ್ ಬೀಬಿಯವರು ಬೆನ್ನಿಗೆ ನಿಂತರು. ಆದರೆ ಅಧಿಕಾರದ ಆಸೆಗೆ ಬಿದ್ದ ಸರದಾರರು ಒಬ್ಬರ ಮೇಲೊಬ್ಬರಂತೆ ದರಬಾರನ್ನು ಕೈಗೆ ತೆಗೆದುಕೊಂಡರು. ಅವರಲ್ಲಿ ಕಿಶ್ವರ್ ಖಾನನು ಚಾಂದ್ ಬೀಬಿಯವರನ್ನೇ ಸಾತಾರಾ ಕೋಟೆಯಲ್ಲಿ ಬಂಧಿಸಿಟ್ಟಿದ್ದ. 1590ರಲ್ಲಿ ದಿಲಾವರ್ ಖಾನನನ್ನು ಕೆಳಗಿಳಿಸಿದ ಮೇಲೆಯೇ ಯುವಕ ಇಬ್ರಾಹಿಂ ನಿಜವಾದ ಅರ್ಥದಲ್ಲಿ ಸುಲ್ತಾನರಾದರು. ಹತ್ತು ವರ್ಷ ಒಳಸಂಚುಗಳ ನಡುವೆ ಬೆಳೆದ ಈ ಹುಡುಗ ಕಠೋರನಾಗದೆ ಸಂಗೀತ, ಕಾವ್ಯ, ಚಿತ್ರಕಲೆಗಳತ್ತ ಒಲಿದದ್ದು ನಮ್ಮ ನಾಡಿನ ಪುಣ್ಯವೆನ್ನಬೇಕು.

ಅವರು ದಖನಿ ಭಾಷೆಯಲ್ಲಿ ರಚಿಸಿದ 'ಕಿತಾಬ್-ಎ-ನೌರಸ್' ಹಾಡುಗಳ ಸಂಕಲನ. ಅದರಲ್ಲಿ ಸರಸ್ವತಿಯ ಸ್ತುತಿಯಿದೆ, ಗುಲಬರ್ಗಾದ ಖ್ವಾಜಾ ಬಂದೇನವಾಜರ ಮೇಲಿನ ಭಕ್ತಿಯಿದೆ. ಜನರು ಅವರನ್ನು ಜಗದ್ಗುರು ಎಂದು ಕರೆದರು. ಅದೇ ಪುಸ್ತಕದಲ್ಲಿ ಇನ್ನಿಬ್ಬರು ಪ್ರಿಯರಿಗೂ ಸ್ಥಾನವಿದೆ. ಒಬ್ಬ ಮೋತಿಖಾನ್, ಇನ್ನೊಬ್ಬ ಆತಶ್ ಖಾನ್. ಇವರು ಯಾರೋ ಅಮೀರರಿರಬೇಕೆಂದು ನೀವು ಭಾವಿಸಬಹುದು. ಮೋತಿಖಾನ್ ಸುಲ್ತಾನರ ತಂಬೂರಿ, ಆತಶ್ ಖಾನ್ ಅವರ ಆನೆ!

ಈ ಆನೆಯನ್ನು ಅವರು ಹಾಡಿನಲ್ಲಿ ಹೊಗಳಿ ಸುಮ್ಮನಾಗಲಿಲ್ಲ, ಕಲಾವಿದರಿಂದ ಚಿತ್ರವನ್ನೂ ಬರೆಸಿದರು. ಆ ಕಾಲದ ಅನೇಕ ಚಿತ್ರಗಳಲ್ಲಿ ಆನೆಗಳೆಂದರೆ ಯುದ್ಧದ, ಮೆರವಣಿಗೆಯ ಗುಂಪು. ಆದರೆ ಆತಶ್ ಖಾನನಿಗೆ ಹೆಸರಿದೆ, ಅವನದೇ ಆದ ಮುಖವಿದೆ. ಪ್ರಾಣಿಯನ್ನೂ ಒಬ್ಬ ವ್ಯಕ್ತಿಯಂತೆ ಕಂಡು ಚಿತ್ರಿಸಿದ ಈ ದೃಷ್ಟಿ ನಮ್ಮ ಗಮನಕ್ಕೆ ಯೋಗ್ಯವಾದದ್ದು. ಇರಾನ್ ಮೂಲದ ಫರ್ರುಖ್ ಹುಸೇನ್ ಎಂಬ ಶ್ರೇಷ್ಠ ಕಲಾವಿದ ಅವರ ಆಸ್ಥಾನದಲ್ಲಿದ್ದ. ಮೊಗಲರ ದರಬಾರಿನ ಫರ್ರುಖ್ ಬೇಗ್ ಎಂಬವನೂ ಇವನೇ ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಸುಲ್ತಾನರು ಗಿಡುಗ ಹಿಡಿದು ಕುದುರೆಯ ಮೇಲೆ ಹೊರಟ ಚಿತ್ರವೊಂದರಲ್ಲಿ ಕುದುರೆಯ ಕಾಲುಗಳಿಗೆ ಮೆಹಂದಿಯ ಕೆಂಪು ಬಳಿದಿದೆ. ಮದುಮಗಳಿಗೆ ಮಾಡುವ ಸಿಂಗಾರ ಕುದುರೆಗೂ ಸಂದಿದೆ!

ಆದರೆ ಪ್ರೀತಿಗೆ ಪರೀಕ್ಷೆಯೂ ಬಂತು. ಉತ್ತರದಿಂದ ಅಕ್ಬರ್ ಬಾದಶಹರ ಸೈನ್ಯ ದಖ್ಖನ್ನಿನ ಒಳಗೆ ಬಂದು ಅಹ್ಮದನಗರವನ್ನು ಹಿಡಿದಿತ್ತು. 1600ರಲ್ಲಿ ಆ ನಗರವನ್ನು ಕಾಯುತ್ತಿದ್ದ ಚಾಂದ್ ಬೀಬಿಯವರು ತಮ್ಮವರ ಕೈಯಿಂದಲೇ ಹತರಾದರು. ಮುಂದಿನ ಸರದಿ ವಿಜಾಪುರದ್ದು. ಅಕ್ಬರರ ರಾಯಭಾರಿ ಅಸದ್ ಬೇಗ್ ವಿಜಾಪುರಕ್ಕೆ ಬಂದ. ಸುಲ್ತಾನರು ತಮ್ಮ ಮಗಳನ್ನು ಶಹಜಾದೆ ದಾನಿಯಾಲ್‌ಗೆ ಕೊಟ್ಟು ಮದುವೆ ಮಾಡಬೇಕಾಯಿತು. ಜೊತೆಗೆ ಅಕ್ಬರರು ಬಯಸಿದ ಇನ್ನೊಂದು ಅಚ್ಚುಮೆಚ್ಚಿನ ಆನೆ ಚಂಚಲ್‌ನನ್ನೂ ಬಿಟ್ಟುಕೊಡಬೇಕಾಯಿತು. 1604ರಲ್ಲಿ ಈ ಎರಡೂ ಆದವು. ಅಸದ್ ಬೇಗ್ ಅದೇ ಪ್ರವಾಸದಲ್ಲಿ ವಿಜಾಪುರದಿಂದ ತಂಬಾಕನ್ನೂ ಒಯ್ದು ಅಕ್ಬರರಿಗೆ ತೋರಿಸಿದ.

ಓದುಗರೇ, ಒಬ್ಬ ತಂದೆ ಮಗಳನ್ನು, ಒಬ್ಬ ಒಡೆಯ ತನ್ನ ಪ್ರೀತಿಯ ಆನೆಯನ್ನು ಕಳಿಸಿಕೊಟ್ಟ ಸಂಕಟವನ್ನು ಊಹಿಸಿ ನೋಡಿ. ಮರುವರ್ಷ 1605ರಲ್ಲಿ ದಾನಿಯಾಲ್ ತೀರಿಕೊಂಡರು, ಅಕ್ಬರರೂ ತೀರಿಕೊಂಡರು. ಆದರೆ ರಾಜ್ಯ ಉಳಿಯಿತು. ಸುಲ್ತಾನರ ಜೀವಮಾನದಲ್ಲಿ ಮೊಗಲರು ವಿಜಾಪುರವನ್ನು ಗೆಲ್ಲಲಿಲ್ಲ. ಆ ನೆಮ್ಮದಿಯಲ್ಲಿಯೇ ಫರಿಷ್ತಾ ತನ್ನ ಪ್ರಸಿದ್ಧ ಇತಿಹಾಸವನ್ನು ಬರೆದ, ಜುಹೂರಿ ಕಾವ್ಯ ಕಟ್ಟಿದ, ಚಿತ್ರಕಾರರು ಕುಂಚ ಹಿಡಿದರು.

ಜೀವಿಗಳ ಚಿತ್ರ ಬರೆಯುವ ಬಗ್ಗೆ ನಮ್ಮ ಉಲೇಮಾಗಳಲ್ಲಿ ಚರ್ಚೆ ಹಿಂದಿನಿಂದ ಇದೆ. ಸುಲ್ತಾನರ ನಡೆಯನ್ನು ಗಮನಿಸಿ. ಆನೆ, ಕುದುರೆ, ಗಿಡುಗಗಳು ಅವರ ಚಿತ್ರಸಂಪುಟಗಳ ಪುಟಗಳಲ್ಲಿವೆ. ಆದರೆ ಮಲಿಕ್ ಸಂದಲ್ ಕಟ್ಟಿದ, 1626ರಲ್ಲಿ ಮುಗಿದ ಇಬ್ರಾಹಿಂ ರೋಜಾದ ಗೋಡೆಗಳಲ್ಲಿ ಒಂದೇ ಒಂದು ಪ್ರಾಣಿಯಿಲ್ಲ. ಅಲ್ಲಿ ಇರುವುದು ಕುರ್‌ಆನ್ ವಚನಗಳ ಸುಂದರ ಕೆತ್ತನೆ, ಹೂಬಳ್ಳಿ, ಜಾಲಂದ್ರಗಳು. ಎಲ್ಲಿ ಏನಿರಬೇಕೆಂಬ ಅದಬು ಅವರಿಗೆ ತಿಳಿದಿತ್ತು.

1599ರಲ್ಲಿ ಅವರು ಕಟ್ಟಲು ತೊಡಗಿದ ನೌರಸಪುರವನ್ನು 1624ರಲ್ಲಿ ಮಲಿಕ್ ಅಂಬರನ ಸೈನ್ಯ ಹಾಳುಗೆಡವಿತು. 1627ರಲ್ಲಿ ಸುಲ್ತಾನರು ಕಣ್ಮುಚ್ಚಿದರು. 1686ರಲ್ಲಿ ವಿಜಾಪುರ ಔರಂಗಜೇಬರ ವಶವಾದ ಮೇಲೆ ಅಲ್ಲಿಯ ಕಲಾಸಂಪತ್ತು ಚೆದುರಿಹೋಯಿತು. ಇಂದು ಗಿಡುಗದ ಚಿತ್ರ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ, ಸುಲ್ತಾನರು ತಂಬೂರಿ ನುಡಿಸುವ ಚಿತ್ರ ಪ್ರಾಗ್ ನಗರದಲ್ಲಿದೆ, ಮೈನಾ ಹಕ್ಕಿಯೊಡನೆ ಮಾತಾಡುವ ಯೋಗಿನಿಯ ಪ್ರಸಿದ್ಧ ಚಿತ್ರ ಡಬ್ಲಿನ್‌ನಲ್ಲಿದೆ. ಆಸಾರ್ ಮಹಲಿನ ಗ್ರಂಥಾಲಯದ ಅಳಿದುಳಿದ ಹಸ್ತಪ್ರತಿಗಳು ಬ್ರಿಟಿಷರ ಕಾಲದಲ್ಲಿ ಲಂಡನ್ನಿಗೆ ಹೋದವು. ನಮ್ಮ ನೆಲದ ಆನೆಯನ್ನು ನೋಡಲು ಈಗ ಪರದೇಶದ ಪುಸ್ತಕ ತೆರೆಯಬೇಕು!

ಪ್ರತಿವರ್ಷ ನಮ್ಮ ಶಾಲೆಗಳಿಂದ ವಿಜಯಪುರಕ್ಕೆ ಪ್ರವಾಸ ಹೊರಡುತ್ತದೆ. ಗೋಲಗುಮ್ಮಟದಲ್ಲಿ ಕೂಗಿ ಪ್ರತಿಧ್ವನಿ ಕೇಳಿ ಬಸ್ ಹತ್ತುವ ಮೊದಲು ಇಬ್ರಾಹಿಂ ರೋಜಾದ ಮುಂದೆ ಒಂದು ಗಳಿಗೆ ನಿಲ್ಲಿರಿ. ಸಾಧ್ಯವಾದರೆ ತೊರವಿಯ ಬಳಿ ಪಾಳುಬಿದ್ದ ಸಂಗೀತ ಮಹಲನ್ನೂ ಕಾಣಿರಿ. ಮಕ್ಕಳಿಗೆ ಆತಶ್ ಖಾನನ ಕಥೆ ಹೇಳಿರಿ. ಡ್ರಾಯಿಂಗ್ ಪಿರಿಯಡ್ ಎಂದರೆ ಗಣಿತಕ್ಕೆ ಬಿಟ್ಟುಕೊಡುವ ಖಾಲಿ ವೇಳೆ ಎಂದು ತಿಳಿಯಬೇಡಿರಿ. ಒಂದು ಎಲೆಯನ್ನು, ಒಂದು ಹೂವನ್ನು ಗಮನವಿಟ್ಟು ಬರೆಯುವ ಮಗು ಸೃಷ್ಟಿಯನ್ನು ನೋಡಲು ಕಲಿಯುತ್ತದೆ. ನೋಡಲು ಕಲಿತ ಮಗು ಅದನ್ನು ನೋಯಿಸಲು ಹಿಂಜರಿಯುತ್ತದೆ. ನಮ್ಮ ಸುಲ್ತಾನರು ಆನೆಯ ಚಿತ್ರದಲ್ಲಿ ಬಿಟ್ಟುಹೋದ ಪಾಠ ಇದೇ. ಅದನ್ನು ಮುಂದಿನ ಪೀಳಿಗೆಗೆ ದಾಟಿಸುವ ಹೊಣೆ ನಮ್ಮ ನಿಮ್ಮೆಲ್ಲರದು.