ನಾವಿಕರ ಬಂಧು ದಿನಕರ ದೇಸಾಯಿ

ಕಡಲಿನ ಶ್ರಮಗೀತಗಳೆಂದರೆ ವಿದ್ವಾಂಸರಿಗೆ ಬಹಳ ಅಕ್ಕರೆ. ಹಾಯಿಹಡಗಿನಲ್ಲಿ ಲಂಗರು ಎತ್ತುವಾಗ, ಹಾಯಿ ಏರಿಸುವಾಗ ಒಬ್ಬನು ಹಾಡನ್ನೆತ್ತುತ್ತಿದ್ದನು. ಉಳಿದವರು ದನಿಗೂಡಿಸಿ ಒಮ್ಮೆಗೇ ಹಗ್ಗವನ್ನೆಳೆಯುತ್ತಿದ್ದರು. ಉಗಿಯಂತ್ರ ಬಂದು ಆ ಹಾಡುಗಳು ಅಡಗುತ್ತಿದ್ದ ಕಾಲದಲ್ಲಿ, 1914ರಲ್ಲಿ, ಆಂಗ್ಲ ವಿದ್ವಾಂಸ ಸೆಸಿಲ್ ಶಾರ್ಪ್ ಅವನ್ನು ಗ್ರಂಥರೂಪದಲ್ಲಿ ಉಳಿಸಿದನು. ನಮ್ಮ ಕರಾವಳಿಯಲ್ಲಿಯೂ ರಂಪಣಿ ಬಲೆಯನ್ನು ದಡಕ್ಕೆಳೆಯುವವರು ದನಿಗೆ ದನಿ ಕೂಡಿಸುತ್ತಿದ್ದರು. 1970ರ ದಶಕದಲ್ಲಿ ಯಂತ್ರದೋಣಿಗಳ ಪರ್ಸೀನ್ ಬಲೆ ಬಂದ ಮೇಲೆ ರಂಪಣಿಯೂ ಹಿಂದೆ ಸರಿಯಿತು.

ಹಾಡನ್ನು ಕೂಡಿಟ್ಟವರು ಉಂಟು. ಹಾಡಿದವನ ಹೊಟ್ಟೆಯ ಲೆಕ್ಕವನ್ನು ಬರೆದಿಟ್ಟವರು ವಿರಳ. ಆ ಕೆಲಸವನ್ನು ಕನ್ನಡದ ಕವಿಯೊಬ್ಬರು ಮಾಡಿದರೆಂಬುದನ್ನು, ಕಡಲು ಕಾಣದ ಲಿಂಗರಾಜಪುರದಲ್ಲಿ ನೆಲೆಸಿರುವ ನಾನು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ನೆನಪಿಸುವುದುಂಟು.

ದಿನಕರ ದೇಸಾಯಿಯವರು 1909ರಲ್ಲಿ ಅಂಕೋಲೆಯ ಬಳಿಯ ಅಲಗೇರಿಯಲ್ಲಿ ಜನಿಸಿದರು. ಮೈಸೂರಿನಲ್ಲಿಯೂ ಮುಂಬಯಿಯಲ್ಲಿಯೂ ಓದಿ, ಕಾನೂನಿನ ಪದವಿಯನ್ನೂ ಪಡೆದರು. ಅವರು ಬಯಸಿದ್ದರೆ ವಕೀಲಿಯ ಹಾದಿ ತೆರೆದಿತ್ತು. ಆದರೆ ಗೋಖಲೆಯವರು 1905ರಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜವನ್ನು ಸೇರಿ, ಮುಂಬಯಿ ಬಂದರಿನ ನಾವಿಕರ ನಡುವೆ ದುಡಿಯಲು ತೊಡಗಿದರು.

ಆಗಿನ ಭಾರತೀಯ ನಾವಿಕನ ಬಾಳು ದಯನೀಯವಾದುದು. ಒಂದು ಯಾನ ಮುಗಿದರೆ ಮತ್ತೊಂದು ಹಡಗು ದೊರೆಯುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ಕೆಲಸ ಸಿಗಬೇಕಾದರೆ ಸಾರಂಗನಿಗೂ ದಲ್ಲಾಳಿಗೂ ಲಂಚ ತೆರಬೇಕು. ಅದಕ್ಕಾಗಿ ಸಾಲ ಮಾಡಬೇಕು. ಅದೇ ಹಡಗಿನ ಬಿಳಿಯ ನಾವಿಕನ ಸಂಬಳದ ಅಲ್ಪಾಂಶವೇ ಇವನ ಪಾಲು. ಇದನ್ನೆಲ್ಲ ಬಳಿಯಿಂದ ಕಂಡ ದೇಸಾಯಿಯವರು, ಎರಡನೆಯ ಮಹಾಯುದ್ಧ ಆರಂಭವಾದ ಹೊತ್ತಿಗೆ, ಭಾರತದ ಕಡಲಕಾರ್ಮಿಕರನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನೇ ರಚಿಸಿದರು. ಕವಿಯ ಕೈ ಅಲ್ಲಿ ಲೆಕ್ಕಿಗನ ನಿಷ್ಠೆಯನ್ನು ತಾಳಿತು.

ತವರಿನ ಗೇಣಿದಾರರನ್ನೂ ಅವರು ಮರೆಯಲಿಲ್ಲ. ರೈತರನ್ನು ಸಂಘಟಿಸಿದುದಕ್ಕಾಗಿ ಬ್ರಿಟಿಷ್ ಸರಕಾರ 1940ರಲ್ಲಿ ಅವರನ್ನು ಐದು ವರ್ಷ ಜಿಲ್ಲೆಯಿಂದ ಗಡಿಪಾರು ಮಾಡಿತು. ಸ್ವಾತಂತ್ರ್ಯ ಬಂದ ಮೇಲೆ, 1953ರಲ್ಲಿ, ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ ಊರೂರಿಗೆ ಶಾಲೆ ತಂದರು. 1966ರಲ್ಲಿ ಅಂಕೋಲೆಗೆ ಗೋಖಲೆಯವರ ಹೆಸರಿನ ಕಾಲೇಜು ಬಂದಿತು. 1967ರಲ್ಲಿ ಜನ ಅವರನ್ನು ಲೋಕಸಭೆಗೆ ಕಳುಹಿಸಿದರು.

ಇಷ್ಟೆಲ್ಲ ದುಡಿಮೆಯ ನಡುವೆ ಅರಳಿದುದು ಅವರ ಚೌಪದಿ. ನಾಲ್ಕೇ ಸಾಲು, ಒಂದು ಉಸಿರಿಗೆ ಹೇಳಿ ಮುಗಿಸಬಹುದು, ಒಮ್ಮೆ ಕೇಳಿದವನು ಇನ್ನೊಬ್ಬನಿಗೆ ದಾಟಿಸಬಹುದು. ಹಗ್ಗವೆಳೆಯುವವರ ಹಾಡಿಗೂ ಇದೇ ಗುಣವಲ್ಲವೇ? ಅದು ಬಿಡುವಿನಲ್ಲಿ ಕುಳಿತವನ ಸೊತ್ತಲ್ಲ, ಕೈತುಂಬ ಕೆಲಸವಿದ್ದವನ ಸೊತ್ತು. ಚೌಪದಿಯನ್ನು ಲಘುವೆಂದು ಬದಿಗಿರಿಸುವ ವಿಮರ್ಶಕರು ಈ ಮಾತನ್ನು ಗಮನಿಸಬೇಕೆಂದು ನನ್ನ ಬಿನ್ನಹ. ತಮ್ಮ ಬೂದಿಯೂ ಗದ್ದೆಯ ಬತ್ತಕ್ಕೆ, ಹೊಳೆಯ ಮೀನಿಗೆ ಒದಗಲೆಂಬುದು ಒಂದು ಕವಿತೆಯಲ್ಲಿ ಅವರು ತೋಡಿಕೊಂಡ ಬಯಕೆ.

1982ರ ನವೆಂಬರಿನಲ್ಲಿ ಅವರು ತೀರಿಕೊಂಡರು. ಜಾನಪದವನ್ನು ಓದುವ ನಮ್ಮ ತರುಣರು ದುಡಿಮೆಯ ಹಾಡನ್ನು ಸಂಗ್ರಹಿಸುವಾಗ ದುಡಿದವನ ಕೂಲಿಯನ್ನೂ ಕೇಳಿ ಬರೆದುಕೊಳ್ಳಲಿ. ದೇಸಾಯಿಯವರಿಗೆ ಅದಕ್ಕಿಂತ ತಕ್ಕ ಸ್ಮಾರಕ ಬೇರೆ ಬೇಡ.