ನಾಮಪದಕ್ಕೆ ಎರಡೇ ಬಗೆ ಎಂದ ಲಿಂಡ್ಲಿ ಮರ್ರೆ

ಇಂಗ್ಲಿಷ್ ವ್ಯಾಕರಣದ ಮೊದಲ ಪಾಠದಲ್ಲಿಯೇ ನಾಮಪದದ ಐದು ಬಗೆಗಳನ್ನು ಬಾಯಿಪಾಠ ಮಾಡಿಸುವುದು ಇಲ್ಲಿನ ಶಾಲೆಗಳಲ್ಲಿ ಬಹುಕಾಲದಿಂದ ಬಂದ ಪದ್ಧತಿ. ಪ್ರಾಪರ್, ಕಾಮನ್, ಕಲೆಕ್ಟಿವ್, ಮೆಟೀರಿಯಲ್, ಆಬ್‌ಸ್ಟ್ರಾಕ್ಟ್ ಎಂಬ ಈ ಪಟ್ಟಿಯನ್ನು ಭಾರತದಲ್ಲಿ ಮನೆಮಾತಾಗಿಸಿದ್ದು 19ನೆಯ ಶತಮಾನದ ಕೊನೆಯಲ್ಲಿ ಬಂದ ನೆಸ್‌ಫೀಲ್ಡರ ವ್ಯಾಕರಣ. ಅದಕ್ಕೆ ಸುಮಾರು ನೂರು ವರ್ಷ ಮೊದಲೇ ಇಂಗ್ಲಿಷ್ ಕಲಿಯುವವರ ಕೈಗೆ ಪುಸ್ತಕವಿತ್ತ ಲಿಂಡ್ಲಿ ಮರ್ರೆ ಅವರಿಗೆ ಎರಡೇ ಬಗೆ ಸಾಕಾಗಿದ್ದವು. ಇಂಗ್ಲಿಷ್ ವ್ಯಾಕರಣದ ಪಿತಾಮಹನೆಂದು ಖ್ಯಾತಿ ಪಡೆದ ಈ ವ್ಯಕ್ತಿ ವೃತ್ತಿಯಿಂದ ವ್ಯಾಕರಣಕಾರರಾಗಿರಲಿಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿದವರೂ ಅಲ್ಲ.

ಮರ್ರೆ ಜನಿಸಿದ್ದು 1745ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯದಲ್ಲಿ, ಕ್ವೇಕರ್ ಪಂಥದ ಕುಟುಂಬದಲ್ಲಿ. ತಂದೆ ರಾಬರ್ಟ್ ಮರ್ರೆ ನ್ಯೂಯಾರ್ಕಿಗೆ ಬಂದು ದೊಡ್ಡ ವರ್ತಕರಾದರು. ಮ್ಯಾನ್‌ಹಟನ್ನಿನ ಮರ್ರೆ ಹಿಲ್ ಬಡಾವಣೆಗೆ ಆ ಹೆಸರು ಬಂದದ್ದು ಈ ಕುಟುಂಬದಿಂದಲೇ. ತಂದೆಯ ಕಟ್ಟುನಿಟ್ಟಿಗೆ ಬೇಸತ್ತ ಬಾಲಕ ಒಮ್ಮೆ ಮನೆ ಬಿಟ್ಟು ಓಡಿದ. ಆದರೆ ಓಡಿಹೋಗಿ ಸೇರಿದ್ದು ಬರ್ಲಿಂಗ್‌ಟನ್ನಿನ ಒಂದು ಶಾಲೆಯನ್ನು! ಮುಂದೆ ತಂದೆ ಮಣಿದರು. ಮಗ ಕಾನೂನು ಓದಿ ವಕೀಲನಾದ. 1767ರಲ್ಲಿ ಹನ್ನಾ ಡಾಬ್ಸನ್ ಅವರೊಡನೆ ವಿವಾಹವಾಯಿತು.

ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ನ್ಯೂಯಾರ್ಕ್ ಬ್ರಿಟಿಷರ ವಶದಲ್ಲಿದ್ದಾಗ ಮರ್ರೆ ವ್ಯಾಪಾರಕ್ಕಿಳಿದು ಧನಿಕರಾದರು. ಯುದ್ಧ ಮುಗಿಯುವ ಹೊತ್ತಿಗೆ ಕಾಲಿನ ಸ್ನಾಯುಗಳ ಶಕ್ತಿ ಕುಂದತೊಡಗಿತ್ತು. 1784ರಲ್ಲಿ, ಹವೆ ಬದಲಾದರೆ ಗುಣವಾದೀತೆಂಬ ಆಸೆಯಿಂದ, ದಂಪತಿಗಳು ಇಂಗ್ಲೆಂಡಿಗೆ ಹಡಗು ಹತ್ತಿದರು. ಬ್ರಿಟಿಷರ ನೆರಳಿನಲ್ಲಿ ಗಳಿಸಿದವರಿಗೆ ಸ್ವತಂತ್ರ ಅಮೆರಿಕದಲ್ಲಿ ಬಾಳುವುದು ಕಷ್ಟವಾಗಿತ್ತೆಂಬುದೂ ಕಾರಣವಿರಬೇಕೆಂದು ಕೆಲವು ಇತಿಹಾಸಕಾರರು ಶಂಕಿಸಿದ್ದಾರೆ. ಯಾರ್ಕ್ ನಗರದ ಹೊರಗಿನ ಹೋಲ್ಗೇಟಿನಲ್ಲಿ ಮನೆ ಮಾಡಿದ ಅವರು ತಾಯ್ನಾಡಿಗೆ ಮತ್ತೆ ಮರಳಲಿಲ್ಲ.

ಯಾರ್ಕಿನಲ್ಲಿ ಕ್ವೇಕರ್ ಬಾಲಕಿಯರಿಗಾಗಿ ಒಂದು ಶಾಲೆ 1785ರಿಂದ ನಡೆಯುತ್ತಿತ್ತು. ಅಲ್ಲಿನ ತರುಣ ಶಿಕ್ಷಕಿಯರಿಗೆ ಇಂಗ್ಲಿಷ್ ಬೋಧಿಸಲು ತಕ್ಕ ಪುಸ್ತಕವಿರಲಿಲ್ಲ. ಅವರು ಮರ್ರೆ ಅವರನ್ನು ಬೇಡಿಕೊಂಡರು. ಮರ್ರೆ ಮೊದಲು ಒಪ್ಪಲಿಲ್ಲ. ಪಟ್ಟು ಬಿಡದ ಶಿಕ್ಷಕಿಯರಿಗೆ ಕಡೆಗೆ ಸೋತರು. 1795ರಲ್ಲಿ ಯಾರ್ಕಿನಲ್ಲಿಯೇ ಅವರ ಇಂಗ್ಲಿಷ್ ವ್ಯಾಕರಣ ಅಚ್ಚಾಯಿತು.

ಇಂಗ್ಲಿಷಿನ ಪದಗಳನ್ನು ಒಂಬತ್ತು ವರ್ಗಗಳಾಗಿ ವಿಂಗಡಿಸಿದ ಆ ಪುಸ್ತಕದಲ್ಲಿ ನಾಮಪದದ ಲಕ್ಷಣ ವಿಶಾಲವಾಗಿದೆ. ಇರುವ ವಸ್ತುವಿನ ಹೆಸರು ಮಾತ್ರವಲ್ಲ, ಮನಸ್ಸು ಗ್ರಹಿಸಬಲ್ಲ ಯಾವುದರ ಹೆಸರಾದರೂ ನಾಮಪದವೇ. ಹೀಗೆ ಸದ್ಗುಣ, ಧೈರ್ಯ, ಹಸಿವು ಮುಂತಾದವುಗಳಿಗೆ ಬೇರೆ ಕೋಣೆಯ ಅಗತ್ಯ ಬೀಳಲಿಲ್ಲ. ಒಬ್ಬ ವ್ಯಕ್ತಿಗೆ, ಒಂದು ಊರಿಗೆ ಮೀಸಲಾದ ಹೆಸರು ಒಂದು ಬಗೆ. ಒಂದು ಜಾತಿಗೆಲ್ಲ ಸಲ್ಲುವ ಹೆಸರು ಇನ್ನೊಂದು. ಕನ್ನಡ ವ್ಯಾಕರಣದ ಅಂಕಿತನಾಮ, ರೂಢನಾಮಗಳನ್ನು ಬಲ್ಲವರಿಗೆ ಇದು ಹೊಸತೆನಿಸದು. ಈ ಗಡಿಯೂ ಕದಲದ್ದಲ್ಲವೆಂದು ಮರ್ರೆ ಬಲ್ಲರು: ಮಹಾವಾಗ್ಮಿಯೊಬ್ಬನನ್ನು ತನ್ನ ಕಾಲದ ಸಿಸಿರೋ ಎಂದು ಕರೆದರೆ ಅಂಕಿತನಾಮ ರೂಢನಾಮವಾಗಿಬಿಡುತ್ತದೆ. ಸೈನ್ಯ, ಸಭೆಗಳಂಥ ಸಮೂಹವಾಚಕಗಳು ಅವರಲ್ಲಿ ಮುಖ್ಯವಾಗಿ ವಾಕ್ಯರಚನೆಯ ಸಮಸ್ಯೆ. ಗುಂಪನ್ನು ಒಂದೆಂದು ಭಾವಿಸಿದರೆ ಕ್ರಿಯಾಪದ ಏಕವಚನ, ಹಲವರೆಂದು ಭಾವಿಸಿದರೆ ಬಹುವಚನ.

ಅವರನ್ನು ನಿಜವಾಗಿ ಕಾಡಿದ್ದು ನಾಮಪದದ ವಿಭಕ್ತಿ. ಲ್ಯಾಟಿನ್ನಿಗೆ ಆರು ವಿಭಕ್ತಿಗಳುಂಟು. ಇಂಗ್ಲಿಷ್ ನಾಮಪದವಾದರೋ ಷಷ್ಠಿಯಲ್ಲಿ ಎಸ್ ಅಕ್ಷರವನ್ನು ಪಡೆಯುವುದನ್ನು ಬಿಟ್ಟರೆ ರೂಪ ಬದಲಿಸುವುದಿಲ್ಲ. ಆದ್ದರಿಂದ ಮೊದಲು ಅವರು ಎರಡೇ ವಿಭಕ್ತಿಗಳನ್ನು ಒಪ್ಪಿದರು. ಆದರೆ ಸರ್ವನಾಮಕ್ಕೆ ಕರ್ಮದ ಸ್ಥಾನದಲ್ಲಿ ಬೇರೆ ರೂಪವಿದೆ. ಅದೇ ಸ್ಥಾನದಲ್ಲಿ ನಿಂತ ನಾಮಪದಕ್ಕೆ ಆ ಹೆಸರನ್ನು ನಿರಾಕರಿಸುವುದು ಸರಿಯೇ? ಬಹುಕಾಲ ಅನುಮಾನಿಸಿ, ಮುಂದಿನ ಆವೃತ್ತಿಗಳಲ್ಲಿ ಮೂರನೆಯ ವಿಭಕ್ತಿಯನ್ನು ಸೇರಿಸಿದರು. ತಮ್ಮ ಅನುಮಾನವನ್ನೂ ಮುಚ್ಚಿಡದೆ ಬರೆದರು. ಶಾಲಾ ಪುಸ್ತಕಗಳಲ್ಲಿ ಇಂಥ ಪ್ರಾಮಾಣಿಕತೆ ಅಪರೂಪ.

ಟೀಕೆಗಳೂ ಬಂದವು. ಬಿಷಪ್ ಲೌತ್ ಮುಂತಾದ ಹಿಂದಿನವರಿಂದ ಧಾರಾಳವಾಗಿ ಎತ್ತಿಕೊಂಡಿದ್ದಾರೆಂಬುದು ಒಂದು. ಇದು ಸುಳ್ಳಲ್ಲ, ಆದರೆ ತಮ್ಮದು ಸಂಗ್ರಹವೆಂದೇ ಮರ್ರೆ ಹೇಳಿಕೊಂಡಿದ್ದರು, ಋಣವಿದ್ದವರ ಹೆಸರುಗಳನ್ನು ಮುಂದೆ ಸೇರಿಸಿದರು ಕೂಡ. ಪ್ರಬಂಧಕಾರ ವಿಲಿಯಂ ಹ್ಯಾಜ್ಲಿಟ್, ನಾಮಪದವೆಂದರೆ ವಸ್ತುವಿನ ಹೆಸರು ಎಂಬ ಲಕ್ಷಣವನ್ನೇ ಗೇಲಿ ಮಾಡಿದರು. ಪುಸ್ತಕದ ಓಟಕ್ಕೆ ಅದರಿಂದ ತಡೆಯಾಗಲಿಲ್ಲ. ಅಭ್ಯಾಸ ಪುಸ್ತಕ, ಉತ್ತರ ಪುಸ್ತಕ, ಸಂಕ್ಷಿಪ್ತ ಆವೃತ್ತಿ, 1799ರಲ್ಲಿ ವಾಚಕ ಪುಸ್ತಕ, 1804ರಲ್ಲಿ ಕಾಗುಣಿತದ ಪುಸ್ತಕ ಹೀಗೆ ಸರಣಿಯೇ ಹೊರಟಿತು. ವಾಚಕ ಪುಸ್ತಕವನ್ನು ಮೆಚ್ಚಿದವರಲ್ಲಿ ಅಬ್ರಹಾಂ ಲಿಂಕನ್ ಒಬ್ಬರು. ಅಮೆರಿಕದಲ್ಲಿ ಮಾತ್ರವೇ ಮರ್ರೆ ಪುಸ್ತಕಗಳ 1.5 ಕೋಟಿಗೂ ಮಿಕ್ಕ ಪ್ರತಿಗಳು ಮಾರಾಟವಾದುವೆಂಬ ಅಂದಾಜಿದೆ. ಬಂದ ಹಣವನ್ನು ಅವರು ದಾನಕ್ಕೆ ವಿನಿಯೋಗಿಸಿದರು.

ಇಷ್ಟರ ನಡುವೆ ದೇಹ ಸೋಲುತ್ತಲೇ ಇತ್ತು. ಕೊನೆಯ 16 ವರ್ಷ ಮನೆಯಿಂದ ಹೊರಗೆ ಕಾಲಿಡಲಾಗಲಿಲ್ಲ. ದಿನವಿಡೀ ಸೋಫಾದ ಮೇಲೆಯೇ ಕುಳಿತು ಹೊಸ ಆವೃತ್ತಿಗಳನ್ನು ತಿದ್ದುತ್ತಿದ್ದರು. 1826ರಲ್ಲಿ ನಿಧನರಾದರು. ಗೆಳತಿ ಎಲಿಜಬೆತ್ ಫ್ರಾಂಕ್ ಅವರ ಒತ್ತಾಯದಿಂದ ಪತ್ರರೂಪದಲ್ಲಿ ಬರೆದಿಟ್ಟಿದ್ದ ಆತ್ಮಕಥೆ ಅದೇ ವರ್ಷ ಪ್ರಕಟವಾಯಿತು.

ದಂಪತಿಗಳಿಗೆ ಮಕ್ಕಳಿರಲಿಲ್ಲ. ಹನ್ನಾ ಅವರ ಕಾಲಾನಂತರ ಉಳಿದ ಆಸ್ತಿ ನ್ಯೂಯಾರ್ಕಿನ ಧರ್ಮದರ್ಶಿಗಳಿಗೆ ಸೇರಬೇಕೆಂದು ಉಯಿಲಿನಲ್ಲಿತ್ತು. ಗುಲಾಮಗಿರಿಯಲ್ಲಿದ್ದ ಕಪ್ಪು ಜನರ ಬಿಡುಗಡೆ, ಬಿಡುಗಡೆಯಾದವರಿಗೆ ನೆರವು, ಅವರ ಸಂತಾನಕ್ಕೆ ಶಿಕ್ಷಣ ಇವು ಆ ಹಣದ ಉದ್ದೇಶಗಳಲ್ಲಿ ಸೇರಿದ್ದವು. ಹನ್ನಾ 1834ರಲ್ಲಿ ತೀರಿಕೊಂಡರು.