ರಹೀಂ ಸಾಹೇಬರು

ಏಷ್ಯಾ ಖಂಡದಲ್ಲಿ ಕಾಲ್ಚೆಂಡಾಟಕ್ಕೆ ಭಾರತವೇ ಮೊದಲು ಎನಿಸಿಕೊಂಡಿದ್ದ ಕಾಲವೊಂದಿತ್ತು ಎಂದು ಹೇಳಿದರೆ ನಮ್ಮ ಕಾಲೇಜಿನ ಮಿತ್ರರಲ್ಲಿ ಅನೇಕರು ಮುಗುಳುನಗುತ್ತಾರೆ. ಅವರನ್ನು ದೂರಿ ಫಲವಿಲ್ಲ. ನಾವು ಹುಟ್ಟಿದ ಮೇಲೆ ಅಂಥದ್ದೇನನ್ನೂ ಕಂಡವರಲ್ಲ. ಆದರೆ 1951ರಲ್ಲಿ ದೆಹಲಿಯಲ್ಲಿಯೂ 1962ರಲ್ಲಿ ಜಕಾರ್ತದಲ್ಲಿಯೂ ಏಷ್ಯನ್ ಕ್ರೀಡಾಕೂಟದ ಚಿನ್ನದ ಪದಕ ನಮ್ಮವರ ಕೊರಳಿಗೆ ಬಿದ್ದದ್ದು ನಿಜ. ನಡುವೆ 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ದೊರೆಯಿತು. ಈ ಮೂರು ಸಂದರ್ಭಗಳಲ್ಲಿಯೂ ತಂಡವನ್ನು ತಿದ್ದಿದವರು ಒಬ್ಬ ಶಾಲಾ ಮೇಷ್ಟರು. ಅವರೇ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ.

2024ರಲ್ಲಿ ಅವರ ಜೀವನವನ್ನು ಆಧರಿಸಿದ ‘ಮೈದಾನ್’ ಎಂಬ ಹಿಂದಿ ಚಲಚ್ಚಿತ್ರ ಬಂದ ಮೇಲೆ ನಮ್ಮ ಆಟದ ಹುಚ್ಚರ ಗುಂಪಿನಲ್ಲಿ ಒಂದು ವಾದ ಹುಟ್ಟಿಕೊಂಡಿತು. ಚನ್ನರಾಯಪಟ್ಟಣದ ಗೆಳೆಯನ ಮತದಲ್ಲಿ ರಹೀಮರ ಗೆಲುವೆಲ್ಲ ಅಂಗಸಾಧನೆಯ ಗೆಲುವು. ಹುಡುಗರನ್ನು ಬೆವರಿಳಿಯುವಂತೆ ಓಡಿಸಿದರು, ದಮ್ಮು ಕಟ್ಟಿಸಿದರು, ಗೆದ್ದರು. ಹೊಳೆನರಸೀಪುರದವನು ಅದನ್ನು ಒಪ್ಪುವುದಿಲ್ಲ. ಓಡುವುದಕ್ಕೆ ಹೇಮಾವತಿಯ ದಂಡೆಯ ಮೇಲಿನ ಎತ್ತುಗಳೂ ಓಡುತ್ತವೆ, ಗೆಲ್ಲಿಸಿದ್ದು ಬುದ್ಧಿ ಎನ್ನುತ್ತಾನೆ. ಅರಕಲಗೂಡಿನವನು ಮಿತಭಾಷಿ. ಒಳ್ಳೆಯ ಆಟಗಾರರು ಸಿಕ್ಕಿದ್ದರು, ಯಾರು ನಿಂತಿದ್ದರೂ ಗೆಲ್ಲುತ್ತಿದ್ದರು ಎಂದು ಹೇಳಿ ಹೊದ್ದು ಮಲಗುತ್ತಾನೆ. ಹಾಸನದ ಮಳೆಗಾಲದ ಕೆಸರಿನಲ್ಲಿ ಹಾಫ್ ಬ್ಯಾಕಾಗಿ ಒಂದಿಷ್ಟು ಬಿದ್ದೆದ್ದವನಾದ ನನಗೆ ಈ ವಾದ ಬರಿಯ ಹರಟೆ ಎನಿಸಲಿಲ್ಲ. ದೇಹಬಲವೊಂದೇ ಆಟವಾದರೆ, ಸಂಜೆಯ ಬಸ್ಸು ಹಿಡಿಯಲೆಂದು ಅಭ್ಯಾಸದ ನಡುವೆಯೇ ಓಡಿಹೋಗುವ ತಾಲ್ಲೂಕಿನ ಸಣಕಲು ಹುಡುಗರಿಗೆ ಈ ಆಟದಲ್ಲಿ ಜಾಗವೇ ಇಲ್ಲ ಎಂದಾಯಿತು. ಆ ಮಾತು ನಿಜವೋ ಎಂದು ತಿಳಿಯಲು ಈ ಮನುಷ್ಯನ ಬಾಳನ್ನು ಸ್ವಲ್ಪ ವಿವರವಾಗಿ ನೋಡಬೇಕಾಯಿತು.

ರಹೀಮರು ಹುಟ್ಟಿದ್ದು 1909ರ ಆಗಸ್ಟಿನಲ್ಲಿ, ನಿಜಾಮರ ಹೈದರಾಬಾದಿನಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಪದವೀಧರರಾಗಿ ಊರಿನ ಶಾಲೆಗಳಲ್ಲಿ ಅಧ್ಯಾಪಕರಾದರು; ಮುಂದೆ ವ್ಯಾಯಾಮ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದರು. 1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದವರು ಸಾಯುವವರೆಗೂ ಆ ಹೊಣೆಯನ್ನು ಬಿಡಲಿಲ್ಲ. 1950ರಲ್ಲಿ ಹೈದರಾಬಾದ್ ಸಿಟಿ ಪೋಲೀಸ್ ತಂಡ ಅವರ ಕೈಗೆ ಬಂತು. ಆ ವರ್ಷದಿಂದ 1954ರವರೆಗೆ ಬೊಂಬಾಯಿಯ ರೋವರ್ಸ್ ಕಪ್ಪನ್ನು ಆ ತಂಡ ಒಂದೇ ಸಮನೆ ಐದು ಬಾರಿ ಗೆದ್ದಿತು. ಐದು ವರ್ಷ ಅದೃಷ್ಟವೇ ಕೈ ಹಿಡಿದು ನಡೆಸಿತು ಎನ್ನುವವರಿಗೆ ನನ್ನ ನಮಸ್ಕಾರ.

ಇಲ್ಲಿ ನಮ್ಮ ನಾಡಿನ ಮಾತನ್ನೂ ಹೇಳಬೇಕು. ರೋವರ್ಸ್ ಕಪ್ಪನ್ನು ಗೋರಾ ಪಲ್ಟನ್ನುಗಳ ಕೈಯಿಂದ ಮೊದಲು ಕಿತ್ತುಕೊಂಡ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. 1937 ಮತ್ತು 1938ರಲ್ಲಿ. 1946ರಲ್ಲಿ ಮೈಸೂರು ತಂಡ ಸಂತೋಷ್ ಟ್ರೋಫಿಯನ್ನು ಗೆದ್ದಿತು, 1952ರಲ್ಲಿ ಮತ್ತೊಮ್ಮೆ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಭಾರತ ಹೊಡೆದ ಏಕೈಕ ಗೋಲು ಮೈಸೂರಿನ ಸಾರಂಗಪಾಣಿ ರಾಮನ್ ಅವರದು. ಆದ್ದರಿಂದ ಒಳ್ಳೆಯ ಆಟಗಾರರು ರಹೀಮರಿಗಿಂತ ಮೊದಲೇ ಇದ್ದರು ಎಂಬ ಅರಕಲಗೂಡಿನ ಗೆಳೆಯನ ಮಾತಿನಲ್ಲಿ ಹುರುಳಿದೆ. ಇಲ್ಲದಿದ್ದುದು ಅವರನ್ನೆಲ್ಲ ಒಂದು ಹೊಲಿಗೆಯಲ್ಲಿ ಹೊಲಿಯುವ ಕೈ.

ಆ ಕೈ ಹೇಗೆ ಕೆಲಸ ಮಾಡುತ್ತಿತ್ತು ಎಂಬುದೇ ನನಗೆ ಇಡೀ ಕಥೆಯಲ್ಲಿ ಅತ್ಯಂತ ರುಚಿಸಿದ ಭಾಗ. ಆಗಿನ ನಮ್ಮ ಆಟಗಾರನಿಗೆ ಚೆಂಡು ಕಾಲಿಗೆ ಸಿಕ್ಕಿತೆಂದರೆ ಬಿಡಲು ಮನಸ್ಸು ಬಾರದು. ಒಬ್ಬನನ್ನು ತಪ್ಪಿಸಿ, ಇಬ್ಬರನ್ನು ತಪ್ಪಿಸಿ, ಜನರಿಂದ ಶಿಳ್ಳೆ ಹೊಡೆಸಿಕೊಳ್ಳುವುದರಲ್ಲೇ ಅವನ ಸುಖ. ರಹೀಮರು ಎಳೆಯರಿಗಾಗಿ ಡ್ರಿಬಲ್ ಮಾಡುವುದನ್ನೇ ನಿಷೇಧಿಸಿದ ಪಂದ್ಯಾವಳಿಗಳನ್ನು ಏರ್ಪಡಿಸಿದರು! ಚೆಂಡು ಬಂದೊಡನೆ ಇನ್ನೊಬ್ಬನಿಗೆ ದಾಟಿಸಬೇಕು, ಇಟ್ಟುಕೊಳ್ಳುವಂತಿಲ್ಲ. ಬಲಗಾಲಿನವನು ಎಡಗಾಲಿನಿಂದಲೇ ಆಡಬೇಕಾದ ಪಂದ್ಯಗಳೂ ಇದ್ದವು. ಎತ್ತರಕ್ಕೆ ಮಿತಿಯಿಟ್ಟ ಪಂದ್ಯಗಳೂ ಇದ್ದವು. ಕುಳ್ಳ ಹುಡುಗರಿಗೂ ಅವಕಾಶ ದೊರೆಯಬೇಕಲ್ಲ. ಶಾಲೆಯಲ್ಲಿ ಪಾಠ ಹೇಳಿ ಪಳಗಿದವರಿಗಲ್ಲದೆ ಇಂಥ ಉಪಾಯಗಳು ಹೊಳೆಯಲಾರವು. ಎಡವುವ ಕಡೆಯಲ್ಲೇ ಅಭ್ಯಾಸ ಕೊಡುವುದು ಒಳ್ಳೆಯ ಮೇಷ್ಟರ ಲಕ್ಷಣ.

ಚನ್ನರಾಯಪಟ್ಟಣದ ಗೆಳೆಯನಿಗೆ ನಾನು ಕೊಟ್ಟ ಮೊದಲ ಉತ್ತರವೂ ಇದೇ. ಮನುಷ್ಯ ಎಷ್ಟು ಓಡಿದರೂ ಚೆಂಡಿನಷ್ಟು ಬೇಗ ಓಡಲಾರ. ತೂಕದಲ್ಲಿ, ಎತ್ತರದಲ್ಲಿ ನಾವು ಯೂರೋಪಿನವರಿಗೆ ಸಮನಲ್ಲ ಎಂದು ಅರಿತವನು ಚೆಂಡನ್ನು ಓಡಿಸುತ್ತಾನೆ, ಆಳಿನ ದಮ್ಮನ್ನು ಉಳಿಸುತ್ತಾನೆ. ಆದರೆ ಅವನು ಸುಲಭವಾಗಿ ಸೋಲುವ ಜಾತಿಯಲ್ಲ. ಹೆಲ್ಸಿಂಕಿಯ ಕಥೆ ತೆಗೆದ.

ಅದು ಕಹಿಯಾದ ಕಥೆಯೇ. 1951ರ ಮಾರ್ಚಿಯಲ್ಲಿ ದೆಹಲಿಯ ಅಂತಿಮ ಪಂದ್ಯದಲ್ಲಿ ಮೇವಾಲಾಲರ ಗೋಲಿನಿಂದ ಇರಾನನ್ನು 1-0ಯಿಂದ ಸೋಲಿಸಿದ ತಂಡ, ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸಿನ ಮೊದಲ ಪಂದ್ಯದಲ್ಲೇ ಯುಗೋಸ್ಲಾವಿಯದ ಎದುರು 10-1ರಿಂದ ಸೋತಿತು. ಆ ಒಂದು ಗೋಲು ಹೊಡೆದವರು ನಮ್ಮ ಬೆಂಗಳೂರಿನ ಅಹಮದ್ ಖಾನ್. ಬರಿಗಾಲಿನಲ್ಲಿ ಆಡುವುದೇ ನಮ್ಮವರಲ್ಲಿ ಬಹುಮಂದಿಗೆ ರೂಢಿ. ಉತ್ತರದ ಆ ಚಳಿಯಲ್ಲಿ, ಬೂಟು ತೊಟ್ಟ ಗಟ್ಟಿ ಆಳುಗಳ ಮುಂದೆ ಆ ರೂಢಿ ಕೈಕೊಟ್ಟಿತು. ಆ ಬಳಿಕವೇ ರಾಷ್ಟ್ರೀಯ ಸಂಸ್ಥೆ ಬೂಟನ್ನು ಕಡ್ಡಾಯ ಮಾಡಿತು. ಯುಗೋಸ್ಲಾವಿಯ ಆ ಸಲ ಬೆಳ್ಳಿಯ ಪದಕ ಗೆದ್ದ ತಂಡವೆಂಬುದು ಒಂದು ಸಮಾಧಾನವಾದರೂ, ಸೋಲಿನ ಪಾಲು ತರಬೇತುದಾರರಿಗೂ ಸೇರಬೇಕು. ಅಭಿಮಾನಿಗಳು ಅವರ ಗೆಲುವುಗಳನ್ನು ಎಣಿಸುವಾಗ ಈ ಪುಟವನ್ನು ಹಾರಿಸುವುದು ನನಗೆ ಸರಿ ಕಾಣದು.

ಇನ್ನೊಂದು ಸಂಗತಿ ನಮ್ಮಲ್ಲಿ ಹಲವರಿಗೆ ತಿಳಿಯದು. ಆ ಕಾಲದಲ್ಲಿ ನಮ್ಮ ದೇಶದೊಳಗಿನ ಪಂದ್ಯಗಳು ಸಾಮಾನ್ಯವಾಗಿ 70 ನಿಮಿಷದವು. ಹೊರದೇಶದಲ್ಲಿ 90 ನಿಮಿಷ. ವರ್ಷವೆಲ್ಲ 70 ನಿಮಿಷಕ್ಕೆ ಒಗ್ಗಿದ ದೇಹಕ್ಕೆ ಉಳಿದ 20 ನಿಮಿಷವನ್ನು ಕೆಲವು ವಾರಗಳ ಶಿಬಿರದಲ್ಲಿ ಎಲ್ಲಿಂದ ತರುವುದು? ಪರೀಕ್ಷೆಯ ಹಿಂದಿನ ವಾರ ರಾತ್ರಿಯೆಲ್ಲ ಓದುವ ನಮ್ಮಂಥವರಿಗೆ ಇದು ಚೆನ್ನಾಗಿ ಅರ್ಥವಾದೀತು.

ಹೆಲ್ಸಿಂಕಿಯಲ್ಲಿ ಚಿನ್ನ ಗೆದ್ದದ್ದು ಹಂಗೆರಿ. ಆ ತಂಡದ ಸೆಂಟರ್ ಫಾರ್ವರ್ಡ್ ಎದುರಾಳಿಯ ಗೋಲಿನ ಬಾಯಲ್ಲಿ ನಿಲ್ಲದೆ ಹಿಂದೆ ಸರಿದು ಆಡುತ್ತಿದ್ದ. ಅವನನ್ನು ಕಾಯಬೇಕಾದ ಬ್ಯಾಕಿಗೆ ಅತ್ತ ಹೋಗಲೂ ಆಗದು, ಇತ್ತ ನಿಲ್ಲಲೂ ಆಗದು. ರಹೀಮರು ಈ ರೀತಿಯನ್ನು ಅಭ್ಯಾಸ ಮಾಡಿ ನಮ್ಮವರಿಗೆ ಕಲಿಸಿದರು. ಮುಂದೆ ಬ್ರೆಜಿಲ್ ದೇಶದವರಿಂದ ಜಗತ್ಪ್ರಸಿದ್ಧವಾದ ನಾಲ್ಕು-ಎರಡು-ನಾಲ್ಕು ವ್ಯೂಹವನ್ನು ನಮ್ಮಲ್ಲಿ ಬಳಕೆಗೆ ತಂದವರೂ ಅವರೇ.

ಅದರ ಫಲ 1956ರಲ್ಲಿ ಕಂಡಿತು. ಆ ವರ್ಷ ನವೆಂಬರ್ 1ರಂದು ಹೈದರಾಬಾದ್ ರಾಜ್ಯವೇ ಇಲ್ಲವಾಗಿ ಕಲಬುರಗಿ, ರಾಯಚೂರು, ಬೀದರ್‌ಗಳು ನಮ್ಮ ಕಡೆಗೆ ಬಂದವು. ಅದೇ ತಿಂಗಳಲ್ಲಿ ಮೆಲ್ಬರ್ನಿನ ಒಲಿಂಪಿಕ್ಸ್ ಆರಂಭವಾಯಿತು. ಬೆಂಗಳೂರಿನ ಕೆಂಪಯ್ಯನವರು ರಹೀಮರ ತಂಡದಲ್ಲಿದ್ದರು. ಹಂಗೆರಿ ಬಾರದೆ ಹೋದದ್ದರಿಂದ ಮೊದಲ ಸುತ್ತು ಆಡದೆಯೇ ದಾಟಿತು. ಡಿಸೆಂಬರ್ 1ರಂದು ಆಸ್ಟ್ರೇಲಿಯವನ್ನು ಅದರ ನೆಲದಲ್ಲೇ 4-2ರಿಂದ ಸೋಲಿಸಿದರು. ಅಂದು ನೆವಿಲ್ ಡಿಸೋಜ ಹೊಡೆದದ್ದು ಮೂರು ಗೋಲು. ಒಲಿಂಪಿಕ್ಸಿನಲ್ಲಿ ಏಷ್ಯಾದವನೊಬ್ಬ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದದ್ದು ಅದೇ ಮೊದಲು. ಉಪಾಂತ್ಯದಲ್ಲಿ ಮತ್ತೆ ಅದೇ ಯುಗೋಸ್ಲಾವಿಯ. ಮೊದಲರ್ಧದಲ್ಲಿ ಯಾರಿಗೂ ಗೋಲಿಲ್ಲ. ವಿರಾಮದ ಬಳಿಕ ಡಿಸೋಜ ಗೋಲು ಹೊಡೆದಾಗ ಭಾರತವೇ ಮುಂದೆ! ನಾಲ್ಕು ವರ್ಷದ ಹಿಂದೆ ಹತ್ತು ಗೋಲು ತಿಂದವರು ಅದೇ ಎದುರಾಳಿಯ ಮುಂದೆ ಹೀಗೆ ನಿಂತಿದ್ದರು. ಆಮೇಲೆ ನಾಲ್ಕು ಗೋಲು ಒಂದರ ಹಿಂದೆ ಒಂದು ಬಿದ್ದವು, ನಾಲ್ಕೂ ಉತ್ತರಾರ್ಧದಲ್ಲೇ. ಕಂಚಿನ ಪದಕದ ಪಂದ್ಯದಲ್ಲಿ ಬಲ್ಗೇರಿಯ 3-0ಯಿಂದ ಗೆದ್ದಿತು.

ಈ ಪಂದ್ಯ ಇಬ್ಬರು ಗೆಳೆಯರಿಗೂ ಸಾಕ್ಷಿ ಹೇಳುತ್ತದೆ. ಮುನ್ನಡೆ ತಂದದ್ದು ಬುದ್ಧಿ ಎಂದು ಒಬ್ಬ. ಅದನ್ನು ಕಳೆದದ್ದು ಬತ್ತಿದ ದಮ್ಮು ಎಂದು ಇನ್ನೊಬ್ಬ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

1960ರ ರೋಮ್ ಒಲಿಂಪಿಕ್ಸಿನಲ್ಲಿ ಪದಕ ಬರಲಿಲ್ಲ, ಮರ್ಯಾದೆ ಉಳಿಯಿತು. ಫ್ರಾನ್ಸಿನೊಡನೆ 1-1ರ ಸಮ. ಕಂಚು ಗೆದ್ದ ಹಂಗೆರಿಯ ಎದುರು 2-1ರ ಸೋಲು. ಆ ತಂಡದಲ್ಲಿ ಕೆಂಪಯ್ಯನವರ ಜೊತೆಗೆ ರಹೀಮರ ಮಗ ಸೈಯದ್ ಶಾಹಿದ್ ಹಕೀಮರೂ ಇದ್ದರು. ಹಕೀಮರಿಗೆ ರೋಮಿನಲ್ಲಿ ಒಂದು ಪಂದ್ಯವೂ ದಕ್ಕಲಿಲ್ಲ. ತಂಡ ಆರಿಸುವ ಅಪ್ಪ, ಹೊರಗೆ ಕುಳಿತ ಮಗ. ಇದರ ಮೇಲೆ ನಾನು ವ್ಯಾಖ್ಯಾನ ಬರೆಯಬೇಕಾಗಿಲ್ಲ.

ಜಕಾರ್ತಕ್ಕೆ ಬಂದರೆ ವಾದದ ಮುಖವೇ ಬದಲಾಗುತ್ತದೆ. 1962ರ ಆ ಕೂಟದ ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯ ನಮ್ಮವರನ್ನು 2-0ಯಿಂದ ಸೋಲಿಸಿತು. ಬಳಿಕ ಥೈಲೆಂಡನ್ನು 4-1ರಿಂದಲೂ ಜಪಾನನ್ನು 2-0ಯಿಂದಲೂ ಸೋಲಿಸಿ ಉಪಾಂತ್ಯ ಸೇರಿದರು. ಅಷ್ಟರಲ್ಲಿ ತಂಡ ಆಸ್ಪತ್ರೆಯ ವಾರ್ಡಿನಂತಾಗಿತ್ತು. ಬಂಡೆಯಂಥ ಬ್ಯಾಕ್ ಜರ್ನೈಲ್ ಸಿಂಗರ ತಲೆಗೆ ಹೊಲಿಗೆ ಬಿದ್ದಿತ್ತು. ತ್ರಿಲೋಕ್ ಸಿಂಗರ ಕಾಲ್ಬೆರಳಿಗೆ ಪೆಟ್ಟು. ಗೋಲ್‌ಕೀಪರ್ ಪೀಟರ್ ತಂಗರಾಜರಿಗೆ ಜ್ವರ. ಹೊರಗೆ ನೋಡಿದರೆ ಊರೇ ವಿರುದ್ಧ. ಇಸ್ರೇಲ್ ಮತ್ತು ತೈವಾನ್‌ಗಳನ್ನು ಕೂಟಕ್ಕೆ ಸೇರಿಸದೆ ಹೋದದ್ದನ್ನು ಭಾರತದ ಜಿ. ಡಿ. ಸೋಂಧಿಯವರು ಆಕ್ಷೇಪಿಸಿದ್ದರಿಂದ ಇಂಡೊನೇಷ್ಯದ ಜನ ನಮ್ಮ ಆಟಗಾರರ ಮೇಲೆ ಕೆರಳಿದ್ದರು.

ರಹೀಮರು ಮಾಡಿದ್ದೇನು? ಹೊಲಿಗೆ ಹಾಕಿದ ತಲೆಯ ಜರ್ನೈಲರನ್ನು ಹಿಂದಿನಿಂದ ತೆಗೆದು ಸೆಂಟರ್ ಫಾರ್ವರ್ಡ್ ಮಾಡಿದರು. ಬ್ಯಾಕಿಗೆ ಬಂದ ಚೆಂಡನ್ನೆಲ್ಲ ತಲೆಯೊಡ್ಡಿ ತಡೆಯಲೇಬೇಕು. ಮುಂದೆ ಆಡುವವನು ಬೇಕಾದ ಚೆಂಡನ್ನು ಆರಿಸಿಕೊಳ್ಳಬಹುದು. ದಕ್ಷಿಣ ವಿಯಟ್ನಾಮಿನ ಎದುರಿನ ಉಪಾಂತ್ಯವನ್ನು 3-2ರಿಂದ ಗೆದ್ದರು. ಸೆಪ್ಟೆಂಬರ್ 4ರಂದು ಅಂತಿಮ ಪಂದ್ಯ, ಅದೇ ದಕ್ಷಿಣ ಕೊರಿಯದ ಮೇಲೆ. ಸುಮಾರು ಒಂದು ಲಕ್ಷ ಜನರ ಕೂಗಿನ ನಡುವೆ. ತಂಗರಾಜರು ಹಾಸಿಗೆಯಿಂದೆದ್ದು ಗೋಲಿಗೆ ಬಂದು ನಿಂತರು. 17ನೆಯ ನಿಮಿಷದಲ್ಲಿ ಪಿ. ಕೆ. ಬ್ಯಾನರ್ಜಿ, 20ನೆಯ ನಿಮಿಷದಲ್ಲಿ ಜರ್ನೈಲ್ ಸಿಂಗ್ ಗೋಲು ಹೊಡೆದರು. ಕೊರಿಯ ಕೊನೆಗಾಲದಲ್ಲಿ ಒಂದನ್ನು ತೀರಿಸಿತು. ಚುನಿ ಗೋಸ್ವಾಮಿಯವರ ನಾಯಕತ್ವದ ತಂಡ 2-1ರಿಂದ ಚಿನ್ನ ತಂದಿತು.

ಹಾಗಾದರೆ ಅಂದು ಗೆದ್ದದ್ದು ದೇಹವೋ ಬುದ್ಧಿಯೋ? ಬುದ್ಧಿಯೊಂದರಿಂದಲೇ ಜ್ವರ ಬಿಟ್ಟೆದ್ದವನು ಕೊನೆಯವರೆಗೆ ನಿಲ್ಲಲಾರ. ಹಿಂದಿನ ತಿಂಗಳುಗಳ ಬೆವರು ಅಲ್ಲಿ ಕಾದಿತು. ಆದರೆ ಅಂಗಸಾಧನೆಯೊಂದನ್ನೇ ನಂಬಿದವನಾಗಿದ್ದರೆ ಗಾಯಗೊಂಡವರನ್ನು ಕೂರಿಸಿ ಗಟ್ಟಿಮುಟ್ಟಾದ ಬೇರೆಯವರನ್ನು ಕಳಿಸುತ್ತಿದ್ದ. ಈ ಮೇಷ್ಟರಿಗೆ ಒಬ್ಬೊಬ್ಬನ ದೇಹದಲ್ಲಿ ಅಂದು ಏನು ಉಳಿದಿದೆ, ಉಳಿದದ್ದನ್ನು ಮೈದಾನದ ಯಾವ ಮೂಲೆಯಲ್ಲಿ ಖರ್ಚು ಮಾಡಬೇಕು ಎಂಬುದು ಗೊತ್ತಿತ್ತು. ನಾನು ತಿಳಿದಮಟ್ಟಿಗೆ ಅವರ ಹೆಚ್ಚುಗಾರಿಕೆ ಇಷ್ಟೇ, ಮತ್ತು ಇಷ್ಟು ಬಹಳ ಅಪರೂಪ. ಬಸ್ಸಿಗೆ ಓಡುವ ನಮ್ಮ ಸಣಕಲು ಹುಡುಗನಿಗೂ ಅವರ ಲೆಕ್ಕದಲ್ಲಿ ಒಂದು ಮೂಲೆ ಸಿಗುತ್ತಿತ್ತೆಂದು ನನ್ನ ನಂಬಿಕೆ. ಹೊಳೆನರಸೀಪುರದವನು ಇದಕ್ಕೆ ತಲೆದೂಗಿದ. ಚನ್ನರಾಯಪಟ್ಟಣದವನು ಮೆಲ್ಬರ್ನಿನ ಆ ನಾಲ್ಕು ಗೋಲುಗಳನ್ನು ಇನ್ನೂ ಬಿಟ್ಟುಕೊಟ್ಟಿಲ್ಲ.

ತಂಡದ ಎಲ್ಲರ ದೇಹವನ್ನು ಬಲ್ಲವರ ದೇಹವೇ ಒಳಗಿನಿಂದ ಸವೆಯುತ್ತಿತ್ತು. ಚಿನ್ನ ಗೆದ್ದು ಒಂದು ವರ್ಷವೂ ತುಂಬಿರಲಿಲ್ಲ. 1963ರ ಜೂನ್ 11ರಂದು ರಹೀಮರು ಕ್ಯಾನ್ಸರಿನಿಂದ ತೀರಿಕೊಂಡರು. ವಯಸ್ಸು 53. ಅವರು ಕಟ್ಟಿದ ಆಟದ ಕಾವು ಕೆಲವು ಕಾಲ ಉಳಿದಿತ್ತು: 1964ರ ಏಷ್ಯಾ ಕಪ್ಪಿನಲ್ಲಿ ಎರಡನೆಯ ಸ್ಥಾನ, 1970ರ ಬ್ಯಾಂಕಾಕ್ ಕೂಟದಲ್ಲಿ ಕಂಚು. ಏಷ್ಯನ್ ಕೂಟದ ಕಾಲ್ಚೆಂಡಾಟದಲ್ಲಿ ಆಮೇಲೆ ನಮಗೆ ಪದಕ ಬಂದಿಲ್ಲ.

ರೋಮಿನಲ್ಲಿ ಹೊರಗೆ ಕುಳಿತಿದ್ದ ಮಗ ಹಕೀಮರು ವಾಯುಪಡೆಯಲ್ಲಿ ಅಧಿಕಾರಿಯಾಗಿ, ಅಂತರರಾಷ್ಟ್ರೀಯ ಪಂದ್ಯಗಳ ರೆಫರಿಯಾಗಿ, ತರಬೇತುದಾರರಾಗಿ ದುಡಿದರು. 2017ರಲ್ಲಿ ಅವರಿಗೆ ಧ್ಯಾನ್‌ಚಂದ್ ಪ್ರಶಸ್ತಿ ಬಂತು. 2021ರ ಆಗಸ್ಟ್ 22ರಂದು ಅವರು ಕೊನೆಯುಸಿರೆಳೆದದ್ದು ನಮ್ಮ ಕಲಬುರಗಿಯಲ್ಲಿ.